ಅವಳಿ ನಗರದ ನಡುವಣ ಹಾದಿ

ಹುಬ್ಬಳ್ಳಿ-ಧಾರವಾಡಗಳನ್ನು ಅವಳಿ ನಗರಗಳೆಂದು ಕರೆಯುವುದು ರೂಢಿಯಾಗಿದೆ. ಅವಳಿಗಳೆಂದರೆ ಒಂದೇ ಬಸಿರಿನಲ್ಲಿ ಬೆಳೆದು ಒಂದೇ ಹೊತ್ತಿಗೆ ಹುಟ್ಟಿದವರು. ಈ ಎರಡು ಊರುಗಳು ಹಾಗೆ ಹುಟ್ಟಿದವಲ್ಲ. ಒಂದು ಹತ್ತಿಯ, ಮೆಣಸಿನಕಾಯಿಯ ಪೇಟೆ. ಗಿರಣಿ, ರೈಲ್ವೆ ಕಾರ್ಖಾನೆಗಳ ದುಡಿಮೆಯ ಊರು. ಇನ್ನೊಂದು ಕಚೇರಿ, ಕಾಲೇಜು, ಸಂಗೀತ, ಸಾಹಿತ್ಯಗಳ ನಿಧಾನದ ಊರು. 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ, 1917ರಲ್ಲಿ ಕರ್ನಾಟಕ ಕಾಲೇಜು, ಸ್ವಾತಂತ್ರ್ಯಾನಂತರ ವಿಶ್ವವಿದ್ಯಾಲಯ ಮತ್ತು ಆಕಾಶವಾಣಿ ಹೀಗೆ ಧಾರವಾಡ ತನ್ನ ದಾರಿಯಲ್ಲಿ ತಾನು ಬೆಳೆಯಿತು. 1962ರಲ್ಲಿ ಸರಕಾರವು ಎರಡನ್ನೂ ಸೇರಿಸಿ ಒಂದೇ ಮಹಾನಗರ ಪಾಲಿಕೆಯ ಆಡಳಿತಕ್ಕೆ ಒಳಪಡಿಸಿದಾಗ ಅವು ಕಾಗದದ ಮೇಲೆ ಅವಳಿಗಳಾದವು. ನಿಜಜೀವನದಲ್ಲಿ ಅವುಗಳನ್ನು ಹೊಲಿದು ಹಿಡಿದಿರುವುದು ನಡುವಿನ ಸುಮಾರು ಇಪ್ಪತ್ತು ಕಿಲೋಮೀಟರಿನ ಹಾದಿ. ಪುಣೆ-ಬೆಂಗಳೂರು ರಸ್ತೆಯೆಂಬ ಅದರ ಹೆಸರನ್ನು ನಮ್ಮ ಜನ ಪಿ.ಬಿ. ರೋಡು ಎಂದು ಚಿಕ್ಕದಾಗಿಸಿಕೊಂಡಿದ್ದಾರೆ. ಈ ಸಲ ಓದುಗ ಬಂಧುಗಳ ಮುಂದೆ ಆ ಹಾದಿಯ ವಿಷಯವನ್ನೇ ಇಡಬೇಕೆಂದಿದ್ದೇವೆ. ಶಾಸ್ತ್ರ, ಪುರಾಣ ಬರೆಯುವವರಿಗೆ ಬಸ್ಸಿನ ಗೊಡವೆ ಏಕೆಂದು ಕೆಲವರಾದರೂ ಕೇಳಬಹುದು. ನಾಲ್ಕು ದಶಕಗಳಿಗೂ ಮಿಕ್ಕಿ ಈ ಹಾದಿಯಲ್ಲಿ ಓಡಾಡಿದವರಿಗೆ ಅದರ ಬಗ್ಗೆ ನಾಲ್ಕು ಮಾತು ಆಡುವ ಅಧಿಕಾರವಿದೆಯೆಂದೇ ನಾವು ಭಾವಿಸಿದ್ದೇವೆ.

ನಾವು ಮಠದ ಪ್ರಸಾದನಿಲಯದಲ್ಲಿದ್ದು ಓದುತ್ತಿದ್ದ ಎಪ್ಪತ್ತರ ದಶಕದ ಕೊನೆಯ ವರ್ಷಗಳಲ್ಲಿ ಧಾರವಾಡದಿಂದ ಹುಬ್ಬಳ್ಳಿಗೆ ಹೋಗುವುದೆಂದರೆ ಒಂದು ಪ್ರಯಾಣವೇ ಆಗಿತ್ತು. ಗ್ರಂಥ ತರಲು, ಉಪನ್ಯಾಸ ಕೇಳಲು, ಅಪರೂಪಕ್ಕೆ ನಾಟಕ ಕಂಪನಿಯ ಆಟ ನೋಡಲು ಗುರುಗಳ ಅಪ್ಪಣೆ ಪಡೆದು ಹೊರಡುತ್ತಿದ್ದೆವು. ಊರು ದಾಟಿದೊಡನೆ ಎರಡೂ ಬದಿಗೆ ದೊಡ್ಡ ದೊಡ್ಡ ಮರಗಳು. ನವಲೂರು ಬಂತೆಂದು ಕಣ್ಣು ಮುಚ್ಚಿದ್ದವನಿಗೂ ಪೇರಲ ಹಣ್ಣಿನ ವಾಸನೆಯಿಂದ ತಿಳಿಯುತ್ತಿತ್ತು. ಹಣ್ಣಿನ ಬುಟ್ಟಿ ಹೊತ್ತ ಹೆಣ್ಣುಮಕ್ಕಳು ಬಸ್ಸಿನ ಕಿಟಕಿಗೆ ಬುಟ್ಟಿ ಎತ್ತಿ ಹಿಡಿಯುತ್ತಿದ್ದರು. ಸತ್ತೂರು, ರಾಯಾಪುರ, ಅಮರಗೋಳ, ಭೈರಿದೇವರಕೊಪ್ಪ, ಉಣಕಲ್ಲು ಎಲ್ಲವೂ ಅಂದು ಹಳ್ಳಿಗಳೇ. ಅವುಗಳ ನಡುವೆ ಎರೆಹೊಲ, ಹೊಲದಲ್ಲಿ ಜೋಳ, ಕಡಲೆ. ಉಣಕಲ್ಲಿನ ಕೆರೆ ಕಂಡಾಗ ಹುಬ್ಬಳ್ಳಿ ಸಮೀಪಿಸಿತೆಂದು ಬಗಲಚೀಲವನ್ನು ಸರಿಪಡಿಸಿಕೊಳ್ಳುತ್ತಿದ್ದೆವು.

ಈಗ ಆ ಹಳ್ಳಿಗಳ ನಡುವೆ ಬಯಲೆಂಬುದು ಉಳಿದಿಲ್ಲವೆಂದರೂ ಸಲ್ಲುತ್ತದೆ. ನವನಗರವೆಂಬ ಹೊಸ ಬಡಾವಣೆಯೇ ಹಳತಾಗಿ, ಅಲ್ಲಿ ಕಾನೂನು ವಿಶ್ವವಿದ್ಯಾಲಯವೂ ಕ್ಯಾನ್ಸರ್ ಆಸ್ಪತ್ರೆಯೂ ನೆಲೆಗೊಂಡಿವೆ. ಸತ್ತೂರಿನಲ್ಲಿ ವೈದ್ಯಕೀಯ ಕಾಲೇಜು ಬಂದಿದೆ. 2008ರಲ್ಲಿ ಉಚ್ಚ ನ್ಯಾಯಾಲಯದ ಪೀಠ ಧಾರವಾಡಕ್ಕೆ ಬಂದಿತು. 2016ರಲ್ಲಿ ಐಐಟಿ ಪ್ರಾರಂಭವಾಯಿತು. 2003ರಲ್ಲಿ ನೈಋತ್ಯ ರೈಲ್ವೆಯ ಕೇಂದ್ರಸ್ಥಾನವೂ, ಅದಕ್ಕೂ ಮೊದಲು 1997ರಲ್ಲಿ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಕೇಂದ್ರ ಕಚೇರಿಯೂ ಹುಬ್ಬಳ್ಳಿಯಲ್ಲಿ ನೆಲೆಯಾದವು. 2011ರ ಜನಗಣತಿಯಲ್ಲಿಯೇ ಅವಳಿ ನಗರದ ಜನಸಂಖ್ಯೆ 9 ಲಕ್ಷ 43 ಸಾವಿರ ದಾಟಿತ್ತು. ವಾಸ ಒಂದು ಊರಲ್ಲಿ, ದುಡಿಮೆ ಇನ್ನೊಂದು ಊರಲ್ಲಿ ಎಂಬ ಸಂಸಾರಗಳು ನಮ್ಮ ಓಣಿಯೊಂದರಲ್ಲಿಯೇ ಹತ್ತು ಸಿಗುತ್ತವೆ. ಬೆಳಿಗ್ಗೆ ಧಾರವಾಡದ ಗುಮಾಸ್ತ ಹುಬ್ಬಳ್ಳಿಗೆ, ಹುಬ್ಬಳ್ಳಿಯ ವಿದ್ಯಾರ್ಥಿ ಧಾರವಾಡಕ್ಕೆ. ಸಂಜೆ ಅದರ ತಿರುಗುಮುರುಗು.

ಇಂಥ ಹಾದಿಗೆ ತ್ವರಿತ ಬಸ್ಸಿನ ವ್ಯವಸ್ಥೆಯೊಂದನ್ನು ಕಲ್ಪಿಸಬೇಕೆಂಬ ವಿಚಾರ ಹುಟ್ಟಿದ್ದು ಸಹಜವೇ ಆಗಿತ್ತು. ವಿಶ್ವಬ್ಯಾಂಕಿನ ನೆರವನ್ನೂ ಪಡೆದು, ಸಾವಿರ ಕೋಟಿಯ ಸಮೀಪದ ವೆಚ್ಚದಲ್ಲಿ, ರಸ್ತೆಯನ್ನು ಅಗಲಿಸಿ, ನಟ್ಟನಡುವೆ ಬಸ್ಸುಗಳಿಗೆಂದೇ ಮೀಸಲಾದ ಪಥವನ್ನು ಕಟ್ಟಲಾಯಿತು. ಅದಕ್ಕೆ ಬಿಆರ್‌ಟಿಎಸ್ ಎಂಬ ಇಂಗ್ಲಿಷಿನ ಮೊದಲಕ್ಷರಗಳ ಹೆಸರು ಅಂಟಿಕೊಂಡಿತು. 2018ರ ಅಕ್ಟೋಬರ್ 2ರಂದು ಪ್ರಾಯೋಗಿಕ ಸಂಚಾರ ಆರಂಭವಾಗಿ, 2020ರ ಫೆಬ್ರವರಿ 2ರಂದು ಅಂದಿನ ಉಪರಾಷ್ಟ್ರಪತಿ ವೆಂಕಯ್ಯ ನಾಯ್ಡು ಅವರಿಂದ ವಿಧ್ಯುಕ್ತವಾಗಿ ಉದ್ಘಾಟನೆಗೊಂಡಿತು. ಬಸ್ಸಿಗೆ 'ಚಿಗರಿ' ಎಂದು ಹೆಸರಿಟ್ಟರು. ಗ್ರಂಥಸ್ಥ ರೂಪ ಚಿಗರೆ. ನಮ್ಮ ಕಡೆಯ ನಾಲಿಗೆಗೆ ಚಿಗರಿ. ಕೃಷ್ಣಮೃಗವೆಂದು ಸಂಸ್ಕೃತದಲ್ಲಿ ಹೇಳುವ ಆ ಪ್ರಾಣಿ ನಮ್ಮ ಬಯಲುಸೀಮೆಯದೇ. ರಾಣಿಬೆನ್ನೂರಿನ ಅಭಯಾರಣ್ಯದಲ್ಲಿ ಈಗಲೂ ಕಾಣಸಿಗುತ್ತದೆ. ಸರಕಾರಿ ಯೋಜನೆಗಳಿಗೆ ಇಡುವ ಹೆಸರುಗಳಲ್ಲಿ ಇಷ್ಟು ಒಪ್ಪುವ ಹೆಸರನ್ನು ನಾವು ಬೇರೆ ಕಂಡಿಲ್ಲ. ಹೆಸರಿಟ್ಟ ಪುಣ್ಯಾತ್ಮರು ಯಾರೋ, ಅವರಿಗೆ ಶರಣು.

ಈ ವ್ಯವಸ್ಥೆಯ ಒಳಗುಟ್ಟನ್ನು ತಿಳಿಯದೆ ಅದನ್ನು ಹೊಗಳುವವರೂ ಇದ್ದಾರೆ, ತೆಗಳುವವರೂ ಇದ್ದಾರೆ. ಆದ್ದರಿಂದ ನಾಲ್ಕು ಮಾತು. ಸಾಧಾರಣ ಬಸ್ಸು ತಡವಾಗುವುದು ಅದರ ಗಾಲಿ ನಿಧಾನವಾಗಿ ತಿರುಗುವುದರಿಂದಲ್ಲ. ಮುಂದಿರುವ ಲಾರಿ, ಟಂಟಂ, ದನ, ಮದುವೆಯ ಮೆರವಣಿಗೆ ಇವುಗಳ ಹಿಂದೆ ಕಾಯುವುದರಿಂದ ತಡ. ನಿಲುಗಡೆಯಲ್ಲಿ ಎತ್ತರದ ಮೆಟ್ಟಿಲು ಹತ್ತಲು ಮುದುಕರಿಗೆ ಹಿಡಿಯುವ ಹೊತ್ತು, ಕಂಡಕ್ಟರನು ಚಿಲ್ಲರೆ ಹುಡುಕುವ ಹೊತ್ತು ಇವುಗಳಿಂದ ತಡ. ತ್ವರಿತ ಬಸ್ಸಿನ ವ್ಯವಸ್ಥೆಯು ಈ ಮೂರನ್ನೂ ಒಟ್ಟಿಗೆ ನಿವಾರಿಸಲು ಹವಣಿಸುತ್ತದೆ. ಪಥ ಪ್ರತ್ಯೇಕ, ನಿಲ್ದಾಣದ ಕಟ್ಟೆ ಬಸ್ಸಿನ ನೆಲದ ಮಟ್ಟಕ್ಕೇ ಇರುವುದರಿಂದ ಮೆಟ್ಟಿಲೇ ಇಲ್ಲ, ಚೀಟಿಯನ್ನು ನಿಲ್ದಾಣದೊಳಗೆ ಪ್ರವೇಶಿಸುವಾಗಲೇ ಕೊಳ್ಳಬೇಕು. ಬ್ರೆಜಿಲ್ ದೇಶದ ಕುರಿಟೀಬಾ ಎಂಬ ನಗರದಲ್ಲಿ, ವಾಸ್ತುಶಿಲ್ಪಿಯೇ ಆಗಿದ್ದ ಜೈಮೆ ಲೆರ್ನರ್ ಎಂಬ ಮೇಯರರ ಕಾಲದಲ್ಲಿ, 1974ರಲ್ಲಿ ಇಂಥ ಮೀಸಲು ಪಥಗಳು ಮೊದಲಾದವು. ಸುರಂಗ ರೈಲಿಗೆ ಹಣವಿಲ್ಲದ ಊರು ಬಸ್ಸನ್ನೇ ರೈಲಿನಂತೆ ಓಡಿಸಿದ ಕಥೆ ಅದು. ಅದೇ ಬ್ರೆಜಿಲ್ಲಿನ ಮಾರ್ಕೊಪೋಲೊ ಎಂಬ ಕಂಪನಿ ಟಾಟಾದವರ ಜೊತೆಗೂಡಿ ನಮ್ಮ ಧಾರವಾಡದಲ್ಲಿಯೇ ಬಸ್ಸು ಕಟ್ಟುವ ದೊಡ್ಡ ಕಾರ್ಖಾನೆಯನ್ನು ಬಹುಕಾಲ ನಡೆಸಿತೆಂಬುದು ಒಂದು ಯೋಗಾಯೋಗ. ಊರೂರಿಗೆ ಬಸ್ಸು ಕಟ್ಟಿ ಕಳಿಸುವ ಊರಿನವರು ನಾವು. ನಮ್ಮೂರಿನ ಬಸ್ಸಿನ ವಿಷಯದಲ್ಲಿ ಮಾತ್ರ ಒಮ್ಮತಕ್ಕೆ ಬರಲಾಗಿಲ್ಲ!

ವಿವಾದದ ತಿರುಳು ಆ ನಡುವಿನ ಪಥವೇ ಆಗಿದೆ. ಅದನ್ನು ಎಲ್ಲ ವಾಹನಗಳಿಗೂ ತೆರೆಯಬೇಕೆಂಬ ಕೂಗು ಕೆಲವು ವರ್ಷಗಳಿಂದ ಏಳುತ್ತಲೇ ಇದೆ. ಮನವಿಗಳು ಸಲ್ಲಿಕೆಯಾಗಿವೆ, ಪ್ರತಿಭಟನೆಗಳೂ ನಡೆದಿವೆ. ನಮ್ಮ ಪರಿಚಯದ ವ್ಯಾಪಾರಸ್ಥರೊಬ್ಬರು, ಸಜ್ಜನರು, ಮೊನ್ನೆ ಅಂಗಡಿಯ ಕಟ್ಟೆಯ ಮೇಲೆ ಕೂಡಿಸಿಕೊಂಡು ಕೇಳಿದರು: "ಅಲ್ರೀ ಶಾಸ್ತ್ರಿಗಳ, ಅಷ್ಟ ಅಗಲದ ಹಾದಿ ನಡುವ ಖಾಲಿ ಬಿದ್ದಿರತೈತಿ. ಎರಡೂ ಕಡೆ ನಾವು ಇಕ್ಕಟ್ಟಿನೊಳಗ ಹಾರ್ನ್ ಹೊಡಕೋತ ನಿಂದರಬೇಕು. ಇದು ಯಾವ ನ್ಯಾಯ ಹೇಳ್ರಿ?"

ಪ್ರಶ್ನೆ ಕ್ಷುಲ್ಲಕವಾದುದಲ್ಲ. ಕಣ್ಣಿಗೆ ಕಾಣುವುದು ಅವರ ಪರವಾಗಿಯೇ ಇದೆ. ಆದರೆ ಹರಿಯುವ ನೀರಿನ ಕಾಲುವೆ ಯಾವಾಗಲೂ ತುಂಬಿ ತುಳುಕುವುದಿಲ್ಲ. ತುಂಬಿ ನಿಂತಿದ್ದರೆ ಅದು ಎಲ್ಲಿಯೋ ಕಟ್ಟಿಕೊಂಡಿದೆಯೆಂದೇ ಅರ್ಥ. ನಾವು ಅವರಿಗೆ ಒಂದು ಸಣ್ಣ ಲೆಕ್ಕ ಹೇಳಿದೆವು. ಒಂದು ಬಸ್ಸಿನಲ್ಲಿ ನಿಂತವರು, ಕುಳಿತವರು ಸೇರಿ ಎಪ್ಪತ್ತು ಜನರೆಂದು ಹಿಡಿಯೋಣ. ಅಷ್ಟೇ ಜನ, ನಾವು ದಿನವೂ ಕಾಣುವಂತೆ, ಕಾರಿಗೆ ಒಬ್ಬರೋ ಇಬ್ಬರೋ ಕುಳಿತು ಹೊರಟರೆ ನಲವತ್ತೈದು ಕಾರುಗಳಾದರೂ ಬೇಕು. ಒಂದು ಕಾರಿಗೆ ಅದರ ಉದ್ದ, ಮುಂದಿನ ಅಂತರ ಸೇರಿ ಏಳು ಮೀಟರ್ ಬಿಟ್ಟರೂ ಮುನ್ನೂರು ಮೀಟರಿಗೆ ಮಿಕ್ಕಿದ ಸಾಲಾಯಿತು. ಆ ಸಾಲನ್ನು ಹನ್ನೆರಡು ಮೀಟರಿನ ಒಂದು ಬಸ್ಸು ನುಂಗಿಕೊಂಡು ಹೋಗುತ್ತಿದೆ. ಪಥವನ್ನು ತೆರೆದ ಮೊದಲ ವಾರ ಎಲ್ಲರಿಗೂ ಸುಖವೆನಿಸೀತು. ಎರಡನೆಯ ತಿಂಗಳಿಗೆ ಅದೂ ತುಂಬುವುದು, ಬಸ್ಸು ತಡವಾಗುವುದು, ತಡವಾದ ಬಸ್ಸನ್ನು ಬಿಟ್ಟು ಜನ ಸಾಲ ಮಾಡಿ ಸ್ಕೂಟರು ಕೊಳ್ಳುವರು, ಆ ಸ್ಕೂಟರುಗಳೂ ಇದೇ ಹಾದಿಗೆ ಬರುವವು. ಅವರು ತಲೆಯಾಡಿಸಿದರು. ಒಪ್ಪಿದರೆಂದು ಹೇಳಲಾರೆವು, ಚಹಾ ಮಾತ್ರ ತರಿಸಿದರು.

ನಮ್ಮ ಈ ಅಭಿಪ್ರಾಯಕ್ಕೆ ಲೆಕ್ಕವಷ್ಟೇ ಕಾರಣವಲ್ಲ. ನಮ್ಮ ತಂಗಿಯ ಯಜಮಾನರಿಗೆ ಎರಡೂ ಮೂತ್ರಪಿಂಡಗಳು ಕೈಕೊಟ್ಟಿವೆ. ವಾರಕ್ಕೆ ಎರಡು ಸಲ ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ಡಯಾಲಿಸಿಸ್ ಆಗಬೇಕು. ಮನೆ ಧಾರವಾಡದಲ್ಲಿ. ಒಬ್ಬರ ಸರದಿ ಮುಗಿದು ಇನ್ನೊಬ್ಬರಿಗೆ ಯಂತ್ರ ಸಿಗುವ ಏರ್ಪಾಡು ಅದಾದುದರಿಂದ ಹೊತ್ತು ತಪ್ಪಿಸುವಂತಿಲ್ಲ. ತಪ್ಪಿಸಿದರೆ ಉಳಿದ ರೋಗಿಗಳ ಸರದಿಯೂ ಏರುಪೇರಾಗುತ್ತದೆ, ಆಸ್ಪತ್ರೆಯವರದೂ ತಪ್ಪಲ್ಲ. ಟ್ಯಾಕ್ಸಿ ಮಾಡಿಕೊಂಡು ಹೋಗಿಬರುವ ಖರ್ಚನ್ನು ವಾರಕ್ಕೆರಡು ಸಲ, ತಿಂಗಳಿಗೆ ಎಂಟೊಂಬತ್ತು ಸಲ, ಪಿಂಚಣಿಯ ಮೇಲಿರುವ ಸಂಸಾರ ಹೇಗೆ ತಡೆದೀತು? ತಂಗಿ ಮುಂಜಾನೆ ರೊಟ್ಟಿ ಕಟ್ಟಿಕೊಂಡು, ಗಂಡನ ಕೈ ಹಿಡಿದು, ಚಿಗರಿ ಹತ್ತಿಸಿಕೊಂಡು ಹೋಗುತ್ತಾಳೆ. ಪಥ ತೆರೆಯುವ ಸುದ್ದಿ ಪತ್ರಿಕೆಯಲ್ಲಿ ಬಂದ ದಿನ ಅವಳು ನಮ್ಮ ಮನೆಗೆ ಬಂದು, "ಅಣ್ಣಾ, ಖರೇನ ಬಿಡ್ತಾರೇನು? ಮನಿ ಬಿಟ್ಟರ ಇಷ್ಟ ಹೊತ್ತಿಗೆ ಮುಟ್ಟತೀವಿ ಅಂತ ಗೊತ್ತಿರೋದ ಅದೊಂದರಿಂದ ನೋಡು," ಎಂದಳು. ಆ ಕ್ಷಣಕ್ಕೆ ನಮಗೆ ಸಮಾಧಾನ ಹೇಳಲು ತೋಚಲಿಲ್ಲ. ಯಾರ ಕೈಯಲ್ಲಿ ನಿರ್ಣಯವಿದೆಯೋ ಅವರು ಕಾರಿನ ಕಿಟಕಿಯಿಂದ ಪಥವನ್ನು ನೋಡುವವರು. ಅವಳು ಬಸ್ಸಿನ ಕಿಟಕಿಯಿಂದ ನೋಡುವವಳು. ವ್ಯಾಪಾರಸ್ಥರಿಗೆ ಕಂಡ ಖಾಲಿ ಜಾಗದಲ್ಲಿ ಹೀಗೊಬ್ಬರ ಪ್ರಾಣವೂ ಹರಿದಾಡುತ್ತಿರುತ್ತದೆ.

ಹಾಗೆಂದು ಈ ವ್ಯವಸ್ಥೆಯಲ್ಲಿ ಕುಂದಿಲ್ಲವೆಂದು ನಾವು ವಕಾಲತ್ತು ವಹಿಸುವುದಿಲ್ಲ. ಕುಂದುಗಳು ಬಹಳ ಇವೆ. ಮೊದಲನೆಯದಾಗಿ ಮರಗಳ ಮಾತು. ರಸ್ತೆ ಅಗಲವಾಗಬೇಕಾದರೆ ಮರ ಹೋಗಬೇಕಾದುದು ಅನಿವಾರ್ಯವೆಂದೇ ಒಪ್ಪಿಕೊಂಡರೂ, ಹೋದವುಗಳ ನೆರಳು ಇನ್ನೂ ಮರಳಿ ಬಂದಿಲ್ಲ. ಅಜ್ಜ ನೆಟ್ಟದ್ದನ್ನು ಮೊಮ್ಮಗ ಕಡಿದ ಮೇಲೆ ಮರಿಮಗನಿಗೆ ನೆರಳು ಬೇಕಾದರೆ ಮೊಮ್ಮಗನೇ ಮತ್ತೆ ನೆಡಬೇಕಲ್ಲವೆ? ಏಪ್ರಿಲ್ ತಿಂಗಳ ಮಧ್ಯಾಹ್ನ ಆ ಅಗಲವಾದ ರಸ್ತೆಯ ಅಂಚಿನಲ್ಲಿ ನಿಂತವರಿಗೆ ಈ ಮಾತಿನ ಅರ್ಥ ಬೇಗ ಆಗುತ್ತದೆ. ಬಸ್ಸಿನೊಳಗೆ ತಂಪು ಗಾಳಿ, ಬಸ್ಸಿನವರೆಗೆ ಹೋಗುವ ದಾರಿ ಕಾದ ಹಂಚು.

ಎರಡನೆಯದು ಮಳೆನೀರು. ಧಾರವಾಡದ ಮಳೆಯ ಮೇಲೆ ಕವಿಗಳು ಸಾಕಷ್ಟು ಬರೆದಿದ್ದಾರೆ; ಟೋಲ್ ನಾಕಾದಲ್ಲಿ ನಿಲ್ಲುವ ಮಳೆನೀರಿನ ಮೇಲೆ ಪತ್ರಿಕೆಗಳ ವರದಿಗಾರರು ಅದಕ್ಕಿಂತ ಹೆಚ್ಚು ಬರೆದಿದ್ದಾರೆ. ಏರು ತಗ್ಗಿನ ಊರು ಇದು. ಗುಡ್ಡದ ನೀರು ತನ್ನ ಹಳೆಯ ಹಳ್ಳವನ್ನು ಹುಡುಕಿಕೊಂಡು ಬರುತ್ತದೆ. ಹಳ್ಳವಿದ್ದಲ್ಲಿ ಈಗ ಬಡಾವಣೆ, ಅಂಗಡಿ, ಕಾಂಕ್ರೀಟು. ನೀರಿಗೆ ನಕಾಶೆ ಓದಲು ಬರುವುದಿಲ್ಲ, ಇಳಿಜಾರು ಮಾತ್ರ ಗೊತ್ತು. ರಸ್ತೆ ಕಟ್ಟುವವರು ಬೇರೆ, ಗಟಾರ ಕಟ್ಟುವವರು ಬೇರೆ, ಬಡಾವಣೆಗೆ ಒಪ್ಪಿಗೆ ಕೊಡುವವರು ಇನ್ನೂ ಬೇರೆ ಆದಾಗ ಹೀಗಲ್ಲದೆ ಇನ್ನು ಹೇಗೆ ಆದೀತು?

ಮೂರನೆಯದನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕು. ಏಕೆಂದರೆ ಅದು ನಮ್ಮಂಥ ವಯಸ್ಸಿನವರ ಜೀವದ ಪ್ರಶ್ನೆ. ನಿಲ್ದಾಣಗಳೆಲ್ಲ ರಸ್ತೆಯ ನಡುವೆ ಇವೆ. ಬಸ್ಸು ಹಿಡಿಯಬೇಕಾದರೆ ಧಾವಿಸಿ ಬರುವ ವಾಹನಗಳ ಅರ್ಧ ರಸ್ತೆಯನ್ನು ದಾಟಲೇಬೇಕು. ಇಳಿದ ಮೇಲೂ ದಾಟಲೇಬೇಕು. ರಸ್ತೆ ಅಗಲವಾದಷ್ಟೂ ವಾಹನಗಳ ಓಟ ಹೆಚ್ಚು, ದಾಟುವವರ ನಡಿಗೆ ದೂರ. ಕೆಲವೆಡೆ ಬಿಳಿ ಪಟ್ಟಿ ಬಳಿದಿದ್ದಾರೆ, ದೀಪ ಹಾಕಿದ್ದಾರೆ. ಆದರೆ ಕೆಂಪು ದೀಪವನ್ನು ಸಲಹೆಯೆಂದು ತಿಳಿಯುವ ಸವಾರರ ಊರಿನಲ್ಲಿ ಬಿಳಿ ಪಟ್ಟಿಗೆ ಏನು ಬೆಲೆ? ಮೇಲ್ಸೇತುವೆ ಕಟ್ಟಿಬಿಟ್ಟರೆ ಮುಗಿಯಿತೆಂದು ಅಭಿಯಂತರರು ಹೇಳುವುದುಂಟು. ಮೊಣಕಾಲು ಸವೆದವರನ್ನು ನಲವತ್ತು ಮೆಟ್ಟಿಲು ಹತ್ತಿಸಿ ಇಳಿಸುವುದು ದಾರಿಯಾಗಲಾರದು. ಬಸ್ಸಿನ ಬಾಗಿಲಲ್ಲಿ ಮೆಟ್ಟಿಲನ್ನು ತೆಗೆದುಹಾಕಿದ ಜಾಣತನ ರಸ್ತೆ ದಾಟುವಲ್ಲಿಯೂ ಕಾಣಿಸಬೇಕಿತ್ತು. ದಾಟುವ ಜಾಗವನ್ನು ಕಾಲುಹಾದಿಯ ಎತ್ತರಕ್ಕೆ ಎತ್ತಿ ಕಟ್ಟಿದರೆ ವಾಹನಗಳು ಉಬ್ಬಿನ ಮೇಲೆ ಹತ್ತಿ ಇಳಿಯಬೇಕಾಗಿ ತಾವಾಗಿಯೇ ನಿಧಾನವಾಗುತ್ತವೆ. ನಡೆಯುವವರು ಸಮತಟ್ಟಾಗಿ ನಡೆದುಹೋಗುತ್ತಾರೆ. ಇದಕ್ಕೆ ಸಾವಿರ ಕೋಟಿ ಬೇಡ, ವಿಶ್ವಬ್ಯಾಂಕೂ ಬೇಡ.

ಇನ್ನು ಓಣಿಯಿಂದ ನಿಲ್ದಾಣದವರೆಗೆ ಬರುವ ಮಾತು. ಚಿಗರಿ ಓಡುವುದು ಬೆನ್ನೆಲುಬಿನ ಮೇಲೆ. ಕೈಕಾಲುಗಳಿಗೆ ರಕ್ತ ಹೋಗಬೇಡವೇ? ಬಡಾವಣೆಗಳಿಂದ, ಸುತ್ತಲಿನ ಹಳ್ಳಿಗಳಿಂದ ನಿಲ್ದಾಣಕ್ಕೆ ತಂದು ಮುಟ್ಟಿಸುವ ಸಣ್ಣ ಬಸ್ಸುಗಳು ಸಾಲದು. ಹಿಂದೆ ಕವಿಯ ಹೆಸರು ಹೊತ್ತ ಬೇಂದ್ರೆ ಸಾರಿಗೆಯ ಖಾಸಗಿ ಬಸ್ಸುಗಳು ಇದೇ ಹಾದಿಯಲ್ಲಿ ವರ್ಷಾನುಗಟ್ಟಲೆ ಓಡಿದವು. ಅವುಗಳಲ್ಲಿ ಶಿಸ್ತು ಕಡಿಮೆಯಿದ್ದರೂ ಕೈ ಮಾಡಿದಲ್ಲಿ ನಿಲ್ಲುವ ಒಂದು ಆತ್ಮೀಯತೆ ಇತ್ತು. ಹಾಲಿನ ಕ್ಯಾನು, ಕಾಯಿಪಲ್ಲೆಯ ಗಂಟು ಇಟ್ಟುಕೊಂಡವರಿಗೂ ಜಾಗವಿತ್ತು. ಗಾಜಿನ ಬಾಗಿಲಿನ, ತಂಪು ಗಾಳಿಯ ಬಸ್ಸಿಗೆ ಕಾಯಿಪಲ್ಲೆಯ ಗಂಟಿನೊಡನೆ ಹತ್ತಲು ನವಲೂರಿನ ಹೆಣ್ಣುಮಗಳು ಇಂದಿಗೂ ಹಿಂಜರಿಯುತ್ತಾಳೆ. 2023ರ ಜೂನ್ ತಿಂಗಳಿಂದ ಶಕ್ತಿ ಯೋಜನೆಯಡಿ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣ ದೊರೆತ ಮೇಲೆ ಹೆಣ್ಣುಮಕ್ಕಳ ಓಡಾಟ ಎಷ್ಟು ಹೆಚ್ಚಿತೆಂಬುದನ್ನು ಕಣ್ಣಾರೆ ಕಂಡಿದ್ದೇವೆ. ಮನೆಯೊಳಗೆ ಅಷ್ಟೊಂದು ಪ್ರಯಾಣಗಳು ಕಾಯುತ್ತ ಕುಳಿತಿದ್ದವೆಂದು ಗಂಡಸರಾದ ನಮಗೆ ಅಲ್ಲಿಯವರೆಗೆ ಯಾರು ಹೇಳಿದ್ದರು? ತವರಿಗೆ, ಆಸ್ಪತ್ರೆಗೆ, ಜಾತ್ರೆಗೆ, ಸಂತೆಗೆ ಕೇಳದೆಯೇ ಹೊರಡುವಂತಾಯಿತು.

ಬಸ್ಸಿನ ವ್ಯವಸ್ಥೆ ನಷ್ಟದಲ್ಲಿ ನಡೆಯುತ್ತಿದೆಯೆಂಬ ಆಕ್ಷೇಪವನ್ನೂ ಮೇಲಿಂದ ಮೇಲೆ ಕೇಳುತ್ತೇವೆ. ಬೀದಿಯ ದೀಪ ಎಷ್ಟು ಲಾಭ ತಂದಿದೆಯೆಂದು ಯಾರಾದರೂ ಲೆಕ್ಕ ಹಾಕಿದ್ದಾರೆಯೆ? ಮೇಲುಸೇತುವೆಗಳು ಗಳಿಸಿದ್ದೆಷ್ಟು? ಕಾರಿನವರಿಗಾಗಿ ಸುರಿದ ಹಣ ಅಭಿವೃದ್ಧಿಯೆನಿಸಿ, ಬಸ್ಸಿನವರಿಗಾಗಿ ಸುರಿದ ಹಣ ನಷ್ಟವೆನಿಸುವ ಈ ಲೆಕ್ಕಶಾಸ್ತ್ರವನ್ನು ನಾವು ಯಾವ ಮಠದಲ್ಲಿಯೂ ಕಲಿಯಲಿಲ್ಲ. ಹುಬ್ಬಳ್ಳಿಯ ಕಿತ್ತೂರು ಚೆನ್ನಮ್ಮನ ವೃತ್ತದಲ್ಲಿ ಮೇಲುಸೇತುವೆ ಕಟ್ಟುವುದಕ್ಕೆಂದು 2025ರಲ್ಲಿ ತಿಂಗಳುಗಟ್ಟಲೆ ಸಂಚಾರವನ್ನು ಬಂದು ಮಾಡಿ ಊರೆಲ್ಲ ಸುತ್ತು ಹಾಕಿತು. ಅದನ್ನು ಊರು ಸಹಿಸಿತು. ಬಸ್ಸಿಗೆ ಒಂದು ಪಥ ಬಿಡುವುದು ಮಾತ್ರ ಅಸಹನೀಯವೆನಿಸುತ್ತದೆ!

ಬೇರೆ ಊರುಗಳ ದೃಷ್ಟಾಂತವೂ ಎರಡೂ ಕಡೆಗಿದೆ. ದಿಲ್ಲಿಯಲ್ಲಿ 2008ರಲ್ಲಿ ಆರಂಭವಾದ ಇಂಥ ಪಥವನ್ನು 2016ರಲ್ಲಿ ಕಿತ್ತುಹಾಕಿದರು. ಭೋಪಾಲದಲ್ಲಿ 2024ರಲ್ಲಿ ಕಿತ್ತರು. ಇಂದೂರಿನದನ್ನೂ ತೆಗೆಯುವ ತೀರ್ಮಾನ ಆಯಿತು. ಅಹಮದಾಬಾದಿನಲ್ಲಿ 2009ರಲ್ಲಿ ಆರಂಭವಾದುದು ಉಳಿದುಕೊಂಡು ಬೆಳೆದಿದೆ. ದಿಲ್ಲಿಯ ಪಥ ಆರು ಕಿಲೋಮೀಟರಿನಷ್ಟೂ ಇರಲಿಲ್ಲ. ಆರು ಕಿಲೋಮೀಟರಿನ ಕಾಲುವೆಯಿಂದ ಯಾವ ಹೊಲಕ್ಕೆ ನೀರು ಹರಿದೀತು? ನಮ್ಮದು ಇಪ್ಪತ್ತೆರಡು ಕಿಲೋಮೀಟರಿನಷ್ಟಿದೆ, ಎರಡು ದೊಡ್ಡ ಊರುಗಳನ್ನು ಕೂಡಿಸುತ್ತದೆ. ನಮ್ಮ ಕೊರತೆಯಿರುವುದು ಎರಡು ತುದಿಗಳಲ್ಲಿ. ಪೇಟೆಯ ಇಕ್ಕಟ್ಟಿಗೆ ಬಂದೊಡನೆ ಮೀಸಲು ಪಥ ಮುಗಿದು, ಬಯಲಲ್ಲಿ ಜಿಗಿದ ಚಿಗರಿ ಸಂದಿಯಲ್ಲಿ ಸಿಕ್ಕ ಎಮ್ಮೆಯಂತಾಗುತ್ತದೆ. ಬಯಲಿನಲ್ಲಿ ಉಳಿಸಿದ ಹೊತ್ತನ್ನು ಅಲ್ಲಿ ಕಳೆದುಕೊಳ್ಳುತ್ತದೆ. ತಜ್ಞರು ಗಮನ ಹರಿಸಬೇಕಾದುದು ಇಲ್ಲಿ. ಇದನ್ನು ಬಿಟ್ಟು, ಇದ್ದ ವ್ಯವಸ್ಥೆಯ ಜಾಗದಲ್ಲಿ ವಿದ್ಯುತ್ತಿನಿಂದ ಓಡುವ, ಬೋಗಿ ಬೋಗಿ ಕೂಡಿಸಿದ ಹೊಸ ವಾಹನ ತರುವ ಪ್ರಸ್ತಾಪವೂ ಇತ್ತೀಚಿನ ವರ್ಷಗಳಲ್ಲಿ ಕೇಳಿಬಂದಿದೆ. ವಿದ್ಯುತ್ತಿನ ವಾಹನ ಬರಲಿ, ಹೊಗೆ ಕಡಿಮೆಯಾಗಲಿ. ಪೇಟೆಯ ಇಕ್ಕಟ್ಟು, ಟೋಲ್ ನಾಕಾದ ನೀರು, ದಾಟುವ ಅಜ್ಜಿಯ ಭಯ ಇವು ಹಾಗೇ ಉಳಿದರೆ ಬೋಗಿಯ ಉದ್ದ ಹೆಚ್ಚಿದ್ದೇ ಲಾಭ.

ಊರು ಬೆಳೆಯುವ ಬಗೆಯ ಬಗ್ಗೆಯೂ ಒಂದು ಮಾತು ಹೇಳದೆ ಮುಂದೆ ಹೋಗಲಾರೆವು. ಬಸ್ಸಿನ ಹಾದಿಯ ಬದಿಗೇ ಮನೆ, ಅಂಗಡಿ, ಶಾಲೆಗಳು ಒತ್ತಾಗಿ ಬೆಳೆದರೆ ಆ ಹಾದಿಗೆ ಜನ ದೊರೆಯುತ್ತಾರೆ, ಜನಕ್ಕೆ ಹಾದಿ ದೊರೆಯುತ್ತದೆ. ಆಗುತ್ತಿರುವುದು ಬೇರೆ. ಹಾದಿಯ ಬದಿಯ ನೆಲದ ಬೆಲೆ ಮುಗಿಲಿಗೇರಿ, ಸಾಮಾನ್ಯ ನೌಕರನು ಊರ ಹೊರಗೆ, ಬಸ್ಸು ಕಾಣದ ಹೊಲದಲ್ಲಿ ಕೊರೆದ ಲೇಔಟಿನಲ್ಲಿ ನಿವೇಶನ ಕೊಳ್ಳುತ್ತಾನೆ. ನಮ್ಮ ಸಮಾಜದ ಎಷ್ಟೋ ಒಕ್ಕಲು ಮನೆತನಗಳು ಆ ಹೊಲಗಳನ್ನು ಮಾರಿದವು. ಮಾರಿದ ಹಣದಲ್ಲಿ ಕಾರು ಬಂದಿತು, ಮದುವೆಗಳು ಅದ್ದೂರಿಯಾಗಿ ನಡೆದವು; ನಂತರ ಮಕ್ಕಳು ಅದೇ ಲೇಔಟಿನ ಕಾವಲುಗಾರರಾದುದನ್ನೂ ನೋಡಿದ್ದೇವೆ. ಹೆಸರಾಂತ ಪೇರಲ ತೋಟಗಳ ನವಲೂರಿನಲ್ಲಿ ತೋಟಗಳು ವರ್ಷದಿಂದ ವರ್ಷಕ್ಕೆ ಕರಗುತ್ತಿವೆ. ಹಣ್ಣಿನ ಬುಟ್ಟಿಗಳು ಸೀಸನ್ನಿನಲ್ಲಿ ಈಗಲೂ ರಸ್ತೆಬದಿಗೆ ಕಾಣುತ್ತವೆ, ಕಿಟಕಿ ತೆರೆಯದ ಬಸ್ಸಿಗೆ ಎತ್ತಿ ಹಿಡಿಯುವವರಿಲ್ಲ.

ಊರ ಹೊರಗಿನ ವಾಹನಗಳಿಗೆಂದು ಗಬ್ಬೂರಿನಿಂದ ನರೇಂದ್ರದವರೆಗೆ ಕಟ್ಟಿದ ಬೈಪಾಸಿನ ಕಥೆ ನೋವಿನದು. ಹೆದ್ದಾರಿಯ ಉಳಿದ ಭಾಗ ಅಗಲವಾದರೂ ಆ ತುಂಡು ಎರಡೇ ಪಥದ್ದಾಗಿ ಬಹುಕಾಲ ಉಳಿಯಿತು. 2021ರ ಜನವರಿಯಲ್ಲಿ ಇಟಿಗಟ್ಟಿಯ ಬಳಿ, ಸಂಕ್ರಾಂತಿಯ ಮರುದಿನ, ಪ್ರವಾಸಕ್ಕೆ ಹೊರಟಿದ್ದ ದಾವಣಗೆರೆಯ ಗೆಳತಿಯರ ವಾಹನ ಅಪಘಾತಕ್ಕೀಡಾಗಿ ಹತ್ತಕ್ಕೂ ಮಿಕ್ಕ ಜೀವಗಳು ಹೋದವು. ಅದನ್ನು ಅಗಲಿಸುವ ಕೆಲಸಕ್ಕೆ ಮರುವರ್ಷ ಅಡಿಗಲ್ಲು ಬಿತ್ತು.

2025ರ ಜನವರಿಯಲ್ಲಿ ರಾಜ್ಯ ಸಚಿವ ಸಂಪುಟವು ಧಾರವಾಡಕ್ಕೆ ಪ್ರತ್ಯೇಕ ಮಹಾನಗರ ಪಾಲಿಕೆಯನ್ನು ರಚಿಸಲು ಒಪ್ಪಿಗೆಯಿತ್ತಿತು. ಧಾರವಾಡದವರಾದ ನಮಗೆ ಇದರಿಂದ ಸಂತೋಷವೇ ಆಗಿದೆ. ನಮ್ಮ ಓಣಿಯ ಕಸದ ದೂರು ಹುಬ್ಬಳ್ಳಿಯ ಮೇಜಿನ ಮೇಲೆ ಧೂಳು ತಿನ್ನುವುದು ತಪ್ಪೀತು. ಅಣ್ಣತಮ್ಮಂದಿರು ಪಾಲಾದಾಗ ಹೊಲ, ಮನೆ, ಪಾತ್ರೆ-ಪಡಗ ಹಂಚಿಕೊಂಡರೂ ಬಾವಿಯನ್ನು ಕಡಿದು ಎರಡು ಮಾಡುವುದಿಲ್ಲ; ಸರದಿ ಗೊತ್ತುಮಾಡಿಕೊಂಡು ನೀರು ಸೇದುತ್ತಾರೆ. ಈ ಹಾದಿ ಅಂಥ ಬಾವಿ. ಇದರ ಗಟಾರ, ದೀಪ, ಮರ, ದಾಟುವ ಪಟ್ಟಿ ಇವುಗಳ ಹೊಣೆ ಯಾರದೆಂಬುದು ಪಾಲಿನ ಪತ್ರದಲ್ಲಿಯೇ ಬರೆಯಲ್ಪಡಬೇಕು. ಇಲ್ಲದಿದ್ದರೆ ಗಡಿಯ ಆಚೆಯ ದೀಪ ಉರಿದು ಈಚೆಯ ದೀಪ ಆರಿರುತ್ತದೆ.

ಕೊನೆಗೆ ಯಾರೂ ಹೆಚ್ಚು ಮಾತನಾಡದ ಒಂದು ವಿಷಯ. ಈ ಹಾದಿಗೆ ಜೊತೆಯಾಗಿ ಇನ್ನೊಂದು ಹಾದಿಯಿದೆ, ಅದು ರೈಲಿನದು. ಹುಬ್ಬಳ್ಳಿಗೂ ಧಾರವಾಡಕ್ಕೂ ನಡುವೆ ಉಣಕಲ್, ಅಮರಗೋಳ, ನವಲೂರು ಎಂದು ಮೂರು ಸಣ್ಣ ನಿಲ್ದಾಣಗಳು ಅದಕ್ಕಿವೆ. ಹಳಿ ಜೋಡಿಯಾಗಿದೆ, ಮೇಲೆ ವಿದ್ಯುತ್ ತಂತಿಯೂ ಬಂದಿದೆ. 2023ರ ಜೂನ್‌ನಿಂದ ಬೆಂಗಳೂರಿನ ವಂದೇ ಭಾರತ ರೈಲು ಧಾರವಾಡದವರೆಗೆ ಬರುತ್ತಿದೆ. ಅದೇ ವರ್ಷ ಹುಬ್ಬಳ್ಳಿಯ ಶ್ರೀ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದಲ್ಲಿ 1507 ಮೀಟರ್ ಉದ್ದದ, ಜಗತ್ತಿನಲ್ಲಿಯೇ ಅತ್ಯಂತ ಉದ್ದವಾದ ಪ್ಲಾಟ್‌ಫಾರ್ಮು ಲೋಕಾರ್ಪಣೆಗೊಂಡಿತು. ಅಷ್ಟು ಉದ್ದದ ಕಟ್ಟೆಯ ಒಂದು ಮೂಲೆಯಿಂದ, ನಾಲ್ಕು ಡಬ್ಬಿಯ ಒಂದು ಲೋಕಲ್ ಗಾಡಿ, ಗಂಟೆಗೊಮ್ಮೆ, ಆ ಮೂರು ಸಣ್ಣ ನಿಲ್ದಾಣಗಳಲ್ಲಿ ನಿಂತು ಧಾರವಾಡಕ್ಕೆ ಹೋಗಿ ಬರುವಂತಾದರೆ ಕಾಯಿಪಲ್ಲೆಯ ಗಂಟು, ಹಾಲಿನ ಕ್ಯಾನು, ಪೇರಲ ಬುಟ್ಟಿಗಳಿಗೆ ಮತ್ತೆ ಜಾಗ ದೊರೆತೀತು. ಮರ ಕಡಿಯಬೇಕಿಲ್ಲ, ಅಂಗಡಿ ಒಡೆಯಬೇಕಿಲ್ಲ, ಹಳಿ ಆಗಲೇ ಬಿದ್ದುಕೊಂಡಿದೆ. ಈ ವಿಷಯವನ್ನು ಕುರಿತು ರೈಲ್ವೆಯವರಿಗೆ ಒಂದು ಮನವಿ ಸಿದ್ಧಪಡಿಸಿದ್ದೇವೆ. ಓಣಿಯ ಹಿರಿಯರು, ನವಲೂರು, ಅಮರಗೋಳದ ಕೆಲವು ರೈತರು ರುಜು ಮಾಡಿದ್ದಾರೆ. ಅಂಗಡಿಯ ಆ ವ್ಯಾಪಾರಸ್ಥರೂ ಈ ಕಾಗದವನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಒರೆಸಿಕೊಂಡು, ಮೂರನೆಯ ಸಾಲಿನಲ್ಲಿ ತಮ್ಮ ಹೆಸರು ಬರೆದರು.